ಮೇಲಿನ ಐದು ಸಾವಿರ

ಒಂದೇ ಮಾಡೆಲ್‌ನ ಹಳೆಯ ಲ್ಯಾಪ್‌ಟಾಪಿಗೆ ಬೆಂಗಳೂರಿನಲ್ಲಿ ಮೂರು ಬೆಲೆ. ಊರು ಬಿಡುವ ಅವಸರದಲ್ಲಿ ಹೆಬ್ಬಾಳದ ಯಾರೋ ಆ್ಯಪಿನಲ್ಲಿ ಫೋಟೊ ಹಾಕಿ ಮಾರುವುದು ₹16,000ಕ್ಕೆ. ಎಸ್.ಪಿ. ರಸ್ತೆಯ ಮಹಡಿ ಮೇಲಿನ ಅಂಗಡಿಯಲ್ಲಿ ಚೌಕಾಸಿ ಮಾಡಿದರೆ ₹18,000, ಜೊತೆಗೆ ಬಾಯಿಮಾತಿನ ‘ಟೆಸ್ಟಿಂಗ್ ವಾರಂಟಿ’. ಆನ್‌ಲೈನ್ ಮಾರುಕಟ್ಟೆಯಲ್ಲಿ ‘ರಿಫರ್ಬಿಶ್ಡ್’ ಎಂಬ ಹೆಸರು ಹೊತ್ತು, ಬಿಲ್ಲು ಮತ್ತು ಆರು ತಿಂಗಳ ವಾರಂಟಿಯೊಂದಿಗೆ ಬಂದರೆ ₹21,000. ಯಂತ್ರ ಅದೇ, ಪ್ರೊಸೆಸರ್ ಅದೇ, ಕೀಬೋರ್ಡಿನ ಮೇಲೆ ಸವೆದ ಅಕ್ಷರಗಳೂ ಹೆಚ್ಚುಕಡಿಮೆ ಅವೇ. ಹಾಗಾದರೆ ಮೇಲಿನ ಐದು ಸಾವಿರ ಯಾವುದಕ್ಕೆ?

ಮಗಳು ಡಿಗ್ರಿಗೆ ಸೇರಿದಾಗ ನಮ್ಮ ಯಲಹಂಕ ನ್ಯೂಟೌನ್ ಮನೆಯಲ್ಲಿ ಊಟಕ್ಕೆ ಕೂತಾಗೆಲ್ಲ ಇದೇ ಲೆಕ್ಕ. ಕಾಲೇಜಿನ ಫೀಸು ಕಟ್ಟಿದ ತಿಂಗಳಲ್ಲಿ ಹೊಸದರ ಮಾತು ಎತ್ತುವಂತಿರಲಿಲ್ಲ. ಅವಳು ₹16,000ದ ಪರ, ನಾನು ₹21,000ದ ಪರ. “ಐದು ಸಾವಿರ ಸುಮ್ನೆ ಯಾಕೆ ಕೊಡ್ತೀಯ ಅಪ್ಪ?” ಎಂದಳು. ಕೆಟ್ಟರೆ ಹಿಡಿದು ಕೇಳಲು ಒಬ್ಬ ಬೇಕಲ್ಲ, ಅದರ ಬೆಲೆ ಇದು ಎಂದೆ. ಅವನನ್ನು ಹಿಡಿಯುವ ಕೆಲಸ ಅಷ್ಟು ಬೇಗ ಬೀಳುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ.

ಬಂದ ಲ್ಯಾಪ್‌ಟಾಪ್ ನೋಡಲು ಚೆನ್ನಾಗಿಯೇ ಇತ್ತು. ಬ್ಯಾಟರಿ ಮಾತ್ರ ಒಂದು ಕ್ಲಾಸು ಮುಗಿಯುವಷ್ಟರಲ್ಲಿ ಸುಸ್ತು. ಯಲಹಂಕದಲ್ಲೇ ಲ್ಯಾಪ್‌ಟಾಪ್ ರಿಪೇರಿ ಮಾಡುವ ಹುಡುಗನೊಬ್ಬ ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಿದ. ವಿಂಡೋಸ್‌ನಲ್ಲೇ ಇರುವ ಸೌಲಭ್ಯ ಅದು, ದುಡ್ಡು ಬೇಡ. ತಯಾರಾದಾಗ ಬ್ಯಾಟರಿ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂದು ಪಕ್ಕಪಕ್ಕದಲ್ಲೇ ಹೇಳುತ್ತದೆ. ನಮ್ಮದು ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಜಾಹೀರಾತಿನಲ್ಲಿದ್ದದ್ದು ‘ಶೇ 80ಕ್ಕಿಂತ ಹೆಚ್ಚು’. ಬ್ಯಾಟರಿಯಷ್ಟೇ ಆಗಿದ್ದರೆ ಹೊಸದು ಹಾಕಿಸಿ ಸುಮ್ಮನಾಗುತ್ತಿದ್ದೆನೇನೋ. ಆದರೆ ಏನೋ ನಿಧಾನವಾಗುತ್ತಿದೆ ಎಂದು ಮಗಳು ರಿಸೆಟ್ ಮಾಡಿದಾಗ ಪರದೆ ಮೇಲೆ ಪುಣೆಯ ಕಂಪನಿಯೊಂದರ ಹೆಸರು ಮೂಡಿ, ಆ ಕಂಪನಿಯ ಇಮೇಲು, ಪಾಸ್‌ವರ್ಡ್ ಕೇಳಿತು. ರಿಪೇರಿ ಹುಡುಗ ನೋಡಿದವನೇ, “ಸಾರ್, ಇದು ನಿಮ್ದಲ್ಲ, ಇನ್ನೂ ಕಂಪನೀದೇ” ಎಂದ. ಮಾರಿದವನಿಗೆ ಫೋನ್ ಹಚ್ಚಿದರೆ ಅವನ ಉತ್ತರ ಇನ್ನೂ ಸೊಗಸು: “ಸೆಟಪ್ ಮಾಡುವಾಗ ವೈಫೈ ಆನ್ ಮಾಡ್ಬೇಡಿ ಸಾರ್, ಅಷ್ಟೇ.”

ಈ ಬೀಗದ ಕಥೆ ತಿಳಿದುಕೊಳ್ಳುವುದು ಒಳ್ಳೆಯದು. ಮಾರುಕಟ್ಟೆಗೆ ಬರುವ ರಿಫರ್ಬಿಶ್ಡ್ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಂಥ ಕಡೆ ದುಡಿದು ಬಂದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು. ಕಂಪನಿಗಳು ಕೆಲವು ವರ್ಷ ಬಳಸಿ ಲಾಟ್‌ಗಟ್ಟಲೆ ವಿಲೇವಾರಿ ಮಾಡುತ್ತವೆ. ಬಳಕೆಯಲ್ಲಿದ್ದಾಗ ಇಂಥ ಅನೇಕ ಯಂತ್ರಗಳ ಗುರುತು ಕಂಪನಿಯ ಹೆಸರಿನಲ್ಲಿ ಮೈಕ್ರೋಸಾಫ್ಟ್‌ನ ಸರ್ವರಿನಲ್ಲಿ ನೋಂದಣಿಯಾಗಿರುತ್ತದೆ. ಮಾರುವಾಗ ಅದನ್ನು ಅಳಿಸದಿದ್ದರೆ, ಹಾರ್ಡ್‌ಡಿಸ್ಕ್ ಬದಲಿಸಿದರೂ ಬೀಗ ಹೋಗುವುದಿಲ್ಲ. ಇಂಟರ್ನೆಟ್ ಇಲ್ಲದೆ ಸೆಟಪ್ ಮಾಡಿದರೆ ಮುಂದಿನ ರಿಸೆಟ್‌ವರೆಗೆ ಅಡಗಿರುತ್ತದೆ, ಅಷ್ಟೇ. ಬೀಗ ಇದ್ದ ಮಾತ್ರಕ್ಕೆ ಕದ್ದ ಮಾಲು ಎನ್ನಲಾಗದು, ಕಚೇರಿಯ ಅಸಡ್ಡೆಯೂ ಇರಬಹುದು. ಆದರೆ ಕದ್ದ ಮಾಲೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ. ಬೇರೆ ಕಂಪನಿಯ ಹೆಸರು ಕಣ್ಣೆದುರಿಗೆ ಬಂದ ಮೇಲೆ ನಾವು ವೈಫೈ ಆಫ್ ಮಾಡಿಕೊಂಡು ಸುಮ್ಮನಿರುವುದು ಜಾಣತನವಲ್ಲ. ಆ ಕಂಪನಿಗೂ ಸೀರಿಯಲ್ ನಂಬರ್ ಹಾಕಿ ಒಂದು ಇಮೇಲು ಕಳಿಸಿದೆ. ಉತ್ತರ ಬರಲಿಲ್ಲ, ಕಳಿಸಿದ ದಾಖಲೆ ಉಳಿಯಿತು.

ಆ್ಯಪಿನಲ್ಲಿ ವಾಪಸ್ ಮಾಡುವ ಬಟನ್ ಅಷ್ಟರಲ್ಲಿ ಮಾಯವಾಗಿತ್ತು. ‘ರಿಟರ್ನ್ ವಿಂಡೋ ಕ್ಲೋಸ್ಡ್’. ಹೆಚ್ಚಿನವರು ಕೈಚೆಲ್ಲುವುದು ಇಲ್ಲೇ. ಆ ಕಿಟಕಿ ಕಂಪನಿಯೇ ಇಟ್ಟುಕೊಂಡ ಅನುಕೂಲ, ಕಾನೂನಿನ ಬಾಗಿಲು ಬೇರೆ ಇದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ, ಮಾಲು ದೋಷಪೂರಿತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಗಳು ಅದರಲ್ಲಿ ಇಲ್ಲದಿದ್ದರೆ ಆನ್‌ಲೈನ್ ಮಾರುಕಟ್ಟೆಯ ಮಾರಾಟಗಾರ ವಾಪಸ್ ತೆಗೆದುಕೊಳ್ಳಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ಮಾರುಕಟ್ಟೆ ನಡೆಸುವ ಕಂಪನಿ ಕುಂದುಕೊರತೆ ಅಧಿಕಾರಿಯ ಹೆಸರು, ವಿಳಾಸ ಪ್ರಕಟಿಸಲೇಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕಸ್ಟಮರ್ ಕೇರ್ ಚಾಟ್‌ನಲ್ಲಿ ಎಷ್ಟು ಅತ್ತರೂ ಈ ಗಡಿಯಾರ ಓಡಲು ಶುರುವಾಗುವುದಿಲ್ಲ. ಆ ಅಧಿಕಾರಿಗೇ ಇಮೇಲು ಹೋಗಬೇಕು. ಅವರ ವಿಳಾಸ ಆ್ಯಪಿನ ತೀರ ಕೆಳಗೆ, ಯಾರೂ ಓದದ ಪುಟದಲ್ಲಿ ಇರುತ್ತದೆ.

ಇಮೇಲು ಬರೆಯುವುದರಲ್ಲೂ ಒಂದು ಶಿಸ್ತು ಬೇಕು. ಮಗಳ ಪರೀಕ್ಷೆ, ನನ್ನ ಬೇಸರ ಯಾವುದೂ ಅಲ್ಲಿ ಬೇಡ. ಆರ್ಡರ್ ನಂಬರ್, ಬಿಲ್ಲಿನ ದಿನಾಂಕ, ಸೀರಿಯಲ್ ನಂಬರ್, ಜಾಹೀರಾತು ಹೇಳಿದ್ದೇನು, ಬಂದಿದ್ದೇನು, ನನಗೆ ಬೇಕಾದದ್ದೇನು, ಯಾವ ದಿನದೊಳಗೆ. ಜಾಹೀರಾತಿನ ಸ್ಕ್ರೀನ್‌ಶಾಟ್ ಆರ್ಡರ್ ಮಾಡುವ ದಿನವೇ ತೆಗೆದಿಟ್ಟಿದ್ದು ಆಪದ್ಬಾಂಧವನಾಯಿತು, ಏಕೆಂದರೆ ದೂರು ಹೋದ ಮೇಲೆ ಆ ಪುಟದಿಂದ ‘ಶೇ 80’ ಎಂಬ ಮಾತು ಕಾಣೆಯಾಗಿತ್ತು. ರಿಪೇರಿ ಹುಡುಗನಿಗೆ ₹300 ಕೊಟ್ಟು, ಅವನ ಅಂಗಡಿಯ ಲೆಟರ್‌ಹೆಡ್‌ನಲ್ಲಿ ಎರಡೂ ದೋಷ ಬರೆಸಿ ಸೀಲು ಹಾಕಿಸಿದೆ. ಯಂತ್ರವನ್ನು ಬಿಚ್ಚಲು ಮಾತ್ರ ಬಿಡಲಿಲ್ಲ. ಬಿಚ್ಚಿದರೆ ‘ನೀವೇ ಕೆಡಿಸಿದ್ದು’ ಎನ್ನಲು ಅವರಿಗೊಂದು ದಾರಿ ಸಿಕ್ಕಂತೆ.

ಆಗ ಬಂತು ಸಂಧಾನದ ಫೋನು. ₹2,000 ಮರಳಿಸುತ್ತೇವೆ, ಬ್ಯಾಟರಿ ನೀವೇ ಹಾಕಿಸಿಕೊಳ್ಳಿ, ದೂರು ಮುಚ್ಚಿ. ಹಣದ ದೃಷ್ಟಿಯಿಂದ ಇಡೀ ಪ್ರಕರಣದಲ್ಲಿ ನಿಜವಾಗಿ ಯೋಚಿಸಬೇಕಾದ ಗಳಿಗೆ ಇದು. ಬ್ಯಾಟರಿಗೆ ₹3,500 ಎಂದು ನಮ್ಮ ಹುಡುಗ ಹೇಳಿದ್ದ. ₹1,500 ಕೈಯಿಂದ ಹೋದರೂ ತಲೆನೋವು ತಪ್ಪಿತಲ್ಲ ಎಂದು ಮನಸ್ಸು ಹೇಳುತ್ತದೆ. ಆದರೆ ಬೀಗ ಇರುವ ಲ್ಯಾಪ್‌ಟಾಪನ್ನು ನಾಳೆ ನಾನು ಯಾರಿಗೂ ಪ್ರಾಮಾಣಿಕವಾಗಿ ಮಾರಲಾರೆ. ಮೂರು ವರ್ಷ ಬಳಸಿ ಐದಾರು ಸಾವಿರಕ್ಕಾದರೂ ಕೊಡಬಹುದು ಎಂಬ ಲೆಕ್ಕದಲ್ಲೇ ನಾನು ಹಳೆಯದನ್ನು ಕೊಂಡದ್ದು, ಅದು ಸೊನ್ನೆಯಾಗುತ್ತದೆ. ಭಾಗಶಃ ಹಣ ಪಡೆದು ದೂರು ಮುಚ್ಚಿದರೆ ಮತ್ತೆ ತೆರೆಯುವುದೂ ಕಷ್ಟ. ಫೋನಿನಲ್ಲಿ ಹೇಳಿದ್ದನ್ನು ಮೆಸೇಜು ಮಾಡಿ ಎಂದೆ. ಮೆಸೇಜು ಬರಲಿಲ್ಲ.

1915ಕ್ಕೆ ಕರೆ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡುತ್ತಾರೆ. ದೂರಿಗೆ ಒಂದು ಡಾಕೆಟ್ ನಂಬರ್ ಕೊಟ್ಟು ಕಂಪನಿಗೆ ರವಾನಿಸುತ್ತಾರೆ. ಅವರಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಅದನ್ನು ತಿಳಿದೇ ಕರೆ ಮಾಡಬೇಕು. ಆದರೂ ಡಾಕೆಟ್ ನಂಬರ್ ಹುಟ್ಟಿದ ಮೇಲೆ ಕಂಪನಿಯೊಳಗೆ ನಮ್ಮ ಫೈಲು ಬೇರೆ ಮೇಜಿಗೆ ಹೋಗುತ್ತದೆಂದು ಕಾಣುತ್ತದೆ. ಅಲ್ಲಿಯವರೆಗೆ ‘ಡಿಯರ್ ಕಸ್ಟಮರ್’ ಆಗಿದ್ದವನನ್ನು ಹೆಸರು ಹಿಡಿದು ಕರೆದರು. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರಿಂದ ಬ್ಯಾಂಕಿಗೂ ‘ಹೇಳಿದ ವಸ್ತು ಬಂದಿಲ್ಲ’ ಎಂದು ತಕರಾರು ಹಾಕಿದ್ದೆ. ಕಾರ್ಡಿನಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ, ಅದಕ್ಕೂ ಗಡುವಿದೆ. ಯುಪಿಐನಲ್ಲಿ ನಾವೇ ಪಿನ್ ಒತ್ತಿ ಕಳಿಸಿದ ಹಣಕ್ಕೆ ಈ ಅನುಕೂಲ ಅಷ್ಟು ಸುಲಭಕ್ಕೆ ಸಿಗದು. ಹಳೆಯ ಸಾಮಾನು ಕೊಳ್ಳುವಾಗ ನಾನು ಕಾರ್ಡು ಬಳಸುವುದು ರಿವಾರ್ಡ್ ಪಾಯಿಂಟಿಗಾಗಿ ಅಲ್ಲ.

ಕೊನೆಗೆ ಪೂರ್ತಿ ಹಣ ಬಂತು. ಆದರೆ ಕಾರ್ಡಿನ ಬಿಲ್ಲಿನ ಗಡುವು ದಾಟಿದ ಮೇಲೆ. ರೀಫಂಡ್ ಬರುತ್ತದೆಂದು ನಂಬಿ ಕಾರ್ಡು ಬಿಲ್ಲು ಕಟ್ಟದೆ ಕೂತಿದ್ದರೆ ಬಡ್ಡಿ ಬೆಳೆಯುತ್ತಿತ್ತು, ಹಾಗಾಗಿ ಮೊದಲು ಕಟ್ಟಿಬಿಟ್ಟಿದ್ದೆ.

ಹೋಲಿಕೆಗೆ ₹16,000ದ ಬೆಲೆಯಲ್ಲಿ ಕೊಂಡವರ ಕಥೆಯೂ ಇದೆ. ಆರ್.ಟಿ. ನಗರದ ನನ್ನ ಸ್ನೇಹಿತರೊಬ್ಬರು ಯಶವಂತಪುರ ಮೆಟ್ರೊ ನಿಲ್ದಾಣದ ಮೆಟ್ಟಿಲ ಬಳಿ ನಿಂತು ವ್ಯಾಪಾರ ಮುಗಿಸಿದರು. ಪ್ಲಗ್ ಇಲ್ಲ, ವೈಫೈ ಇಲ್ಲ, ಬಿಲ್ಲು ಇಲ್ಲ. ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ. ಮದರ್‌ಬೋರ್ಡ್ ಹೋದಾಗ ಮಾರಿದವನ ಫೋನು ಸ್ವಿಚ್ ಆಫ್. ಅವರಿಗೆ ನಾನು ಹೇಳಿದ ಯಾವ ದಾರಿಯೂ ಇಲ್ಲ. ವ್ಯಾಪಾರವನ್ನೇ ವೃತ್ತಿ ಮಾಡಿಕೊಳ್ಳದ ವ್ಯಕ್ತಿ ತನ್ನ ಸ್ವಂತ ವಸ್ತುವನ್ನು ಮಾರಿದರೆ ಇ-ಕಾಮರ್ಸ್ ನಿಯಮಗಳು ಅವನಿಗೆ ಅನ್ವಯಿಸುವುದಿಲ್ಲ. ಉಳಿಯುವುದು ಸಿವಿಲ್ ಕೋರ್ಟು, ₹16,000ಕ್ಕೆ ಯಾರು ಹತ್ತುತ್ತಾರೆ? ಬೇಕೆಂದೇ ಮೋಸ ಮಾಡಿದ್ದರೆ ಪೊಲೀಸ್ ದೂರು ಕೊಡಬಹುದು. ಆನ್‌ಲೈನಿನಲ್ಲಿ ಹಣ ಕಳಿಸಿ ವಸ್ತುವೇ ಬರದಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಆದರೆ ಕೊಟ್ಟ ತಿಂಗಳಿಗೆ ಕೆಟ್ಟುಹೋದ ಬೋರ್ಡನ್ನು ಮೋಸ ಎಂದು ಸಾಬೀತು ಮಾಡುವುದು ಸುಲಭವಲ್ಲ.

ನನಗೆ ಹಣ ಬರದೇ ಹೋಗಿದ್ದರೆ? ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೆ ಎಂದು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಲೆಕ್ಕ ಹಾಕಿ ನೋಡಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಾರಾಟಗಾರ ದೆಹಲಿಯಲ್ಲಿದ್ದರೂ ನಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಮೂರು ತಿಂಗಳಲ್ಲಿ, ಮಾಲನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದರೆ ಐದು ತಿಂಗಳಲ್ಲಿ ತೀರ್ಮಾನ ಎಂದು ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಡಿ. ಸಣ್ಣ ಮೊತ್ತವೆಂದು ಅಲ್ಲಿ ಯಾರೂ ನಗುವುದಿಲ್ಲ. 2022ರಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು ಫ್ಲಿಪ್‌ಕಾರ್ಟ್‌ನಲ್ಲಿ ₹12,499 ಕೊಟ್ಟ ಮೊಬೈಲ್ ಬರಲೇ ಇಲ್ಲ. ಬೆಂಗಳೂರು ನಗರ ಜಿಲ್ಲಾ ಆಯೋಗ ಆ ಹಣವನ್ನು ಶೇ 12ರ ಬಡ್ಡಿ ಸಹಿತ ಮರಳಿಸಿ, ಮೇಲೆ ₹20,000 ದಂಡ, ₹10,000 ವ್ಯಾಜ್ಯದ ಖರ್ಚು ಕೊಡುವಂತೆ ಆದೇಶಿಸಿತು. ನಿಜವಾದ ಖರ್ಚು ನಮ್ಮ ರಜೆಯದು. ದಿನಗೂಲಿಯವರಿಗೆ ಒಂದು ದಿನದ ರಜೆಯೂ ದುಬಾರಿ, ಅವರಿಗೆ ಈ ಸಲಹೆಯನ್ನು ಅಷ್ಟು ಸಲೀಸಾಗಿ ಕೊಡಲಾರೆ.

ಎರಡನೇ ಲ್ಯಾಪ್‌ಟಾಪನ್ನು ಯಶವಂತಪುರದ ಅಂಗಡಿಯೊಂದರಲ್ಲಿ ಕೊಂಡೆವು. ಈ ಸಲ ಮಾತುಕತೆ ಮಗಳದು. ಮೊದಲು ತೋರಿಸಿದ್ದು ಇಂಟೆಲ್ ಆರನೇ ಜನರೇಷನ್ನಿನದು, ವಿಂಡೋಸ್ 11 ಹಾಕಿದ್ದರು. ಎಂಟನೇ ಜನರೇಷನ್ನಿಗಿಂತ ಹಳೆಯ ಇಂಟೆಲ್ ಪ್ರೊಸೆಸರುಗಳಿಗೆ, ಬೆರಳೆಣಿಕೆಯ ಅಪವಾದ ಬಿಟ್ಟರೆ, ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ಮನ್ನಣೆ ಕೊಡುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪೇಟೆಯಲ್ಲಿ ಇಂಥವು ಅಗ್ಗವಾಗಿ ಸಿಗುತ್ತಿರುವುದಕ್ಕೆ ಇದೂ ಒಂದು ಕಾರಣ. ಅದು ಬೇಡವೆಂದು ಎಂಟನೇ ಜನರೇಷನ್ನಿನದನ್ನು ತೆಗೆಸಿದಳು, ಅಂಗಡಿಯವರ ಎದುರೇ ರಿಸೆಟ್ ಮಾಡಿಸಿ ನನ್ನ ಮೊಬೈಲಿನ ಇಂಟರ್ನೆಟ್ಟಿಗೆ ಜೋಡಿಸಿ ನೋಡಿದಳು. ಯಾವ ಕಂಪನಿಯ ಹೆಸರೂ ಬರಲಿಲ್ಲ. ಬ್ಯಾಟರಿ ರಿಪೋರ್ಟ್ ತೆಗೆಸಿದಳು, ಸೀರಿಯಲ್ ನಂಬರನ್ನೂ ವಾರಂಟಿ ತಿಂಗಳನ್ನೂ ಬಿಲ್ಲಿನಲ್ಲಿ ಬರೆಸಿದಳು. ₹20,500 ಎಂದರು. “ಬಿಲ್ ಬೇಡ ಅಂದ್ರೆ ಇನ್ನೊಂದೂವರೆ ಸಾವ್ರ ಬಿಡ್ತೀನಿ ಮೇಡಂ” ಎಂದು ಅಂಗಡಿಯವರು ನನ್ನ ಕಡೆ ತಿರುಗುವ ಮೊದಲೇ ಅವಳು, “ಬಿಲ್ ಹಾಕಿ ಅಣ್ಣ” ಎಂದಳು.