ಮಿಡಿ ಯಂತ್ರವೂ ಧ್ವನಿಯ ಹದವೂ

ಮಿಡಿ ಎಂದೊಡನೆ ಕೃಷ್ಣಗಿರಿ ಸೀಮೆಯವರಾದ ನಮಗೆ ಮಾವಿನ ಮಿಡಿ ನೆನಪಿಗೆ ಬರುವುದು ಸಹಜ. ವೀಣೆಯ ತಂತಿಯನ್ನೂ ಮಿಡಿಯುತ್ತೇವೆ. ಈ ಪಾಠದ ಮಿಡಿ ಇವೆರಡೂ ಅಲ್ಲ. ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರಗಳು ಕೂಡಿ ಆದ ಹೆಸರು. ಒಂದು ಕಂಪನಿಯ ವಿದ್ಯುನ್ಮಾನ ವಾದ್ಯವು ಇನ್ನೊಂದು ಕಂಪನಿಯ ವಾದ್ಯದೊಡನೆ ವ್ಯವಹರಿಸಲೆಂದು 1983ರಲ್ಲಿ ಬಳಕೆಗೆ ಬಂದ ಸಂಕೇತಭಾಷೆ ಇದು. ಇದಕ್ಕಾಗಿ ದುಡಿದ ಅಮೆರಿಕದ ಡೇವ್ ಸ್ಮಿತ್ ಹಾಗೂ ಜಪಾನಿನ ಇಕುತಾರೊ ಕಾಕೆಹಾಶಿ ಇವರಿಗೆ 2013ರಲ್ಲಿ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ದೊರೆಯಿತು.

ಕನ್ನಡ ಪಾಠ ಹೇಳುವವರಿಗೆ ಇದರ ಗೊಡವೆ ಏಕೆ ಎಂದು ಪೋಷಕರು ಕೇಳಬಹುದು. ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಮನೆಗಳಲ್ಲಿ ಅಜ್ಜಿಯರ ಬಾಯಲ್ಲಿ ಸೋಬಾನೆ ಪದಗಳು ಇನ್ನೂ ಉಳಿದಿವೆ. ಮೊಮ್ಮಕ್ಕಳು ಅವನ್ನು ಮೊಬೈಲಿನಲ್ಲಿ ಹಿಡಿದಿಡುತ್ತಾರೆ. ಹಾಡಿನ ಜೊತೆಗೆ ಫ್ಯಾನಿನ ಸದ್ದೂ ಬರುತ್ತದೆ. ಆ ಸದ್ದು ತೆಗೆಯಲು ಹೊರಟವರು ಎಷ್ಟೋ ಸಲ ಹಾಡಿನ ಅಕ್ಷರಗಳನ್ನೇ ಅಳಿಸಿಬಿಡುತ್ತಾರೆ. ಅಜ್ಜಿ ಇಲ್ಲದ ಕಾಲಕ್ಕೆ ಆ ಅಕ್ಷರಗಳನ್ನು ಯಾರನ್ನು ಕೇಳೋಣ?

ಶಬ್ದವೆಂದರೆ ಕಂಪನ. ಸೆಕೆಂಡಿಗೆ ಎಷ್ಟು ಕಂಪನಗಳೆಂಬುದನ್ನು ಹರ್ಟ್ಜ್ ಎಂಬ ಮಾನದಿಂದ ಹೇಳುತ್ತಾರೆ. ಮನುಷ್ಯನ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಜ್‌ವರೆಗೆ ಕೇಳಿಸುತ್ತದೆ. ನಮ್ಮ ದೇಶದ ವಿದ್ಯುತ್ ಪ್ರವಾಹ 50 ಹರ್ಟ್ಜ್‌ನದು. ಆದ್ದರಿಂದ ವಿದ್ಯುತ್ ಉಪಕರಣಗಳ ಗುಂಯ್‌ಗುಡುವಿಕೆ ಹೆಚ್ಚಾಗಿ 50, 100ರ ಆಸುಪಾಸಿನಲ್ಲಿರುತ್ತದೆ. ಹೆಂಗಸರ ಕಂಠದ ಮೂಲಸ್ವರ ಸಾಮಾನ್ಯವಾಗಿ 200ರ ಸುತ್ತ. ಹಾಗಾಗಿ ತೀರ ಕೆಳಗಿನ ಭಾಗವನ್ನು ತಗ್ಗಿಸಿದರೆ ಹಾಡಿಗೆ ಅಷ್ಟಾಗಿ ನಷ್ಟವಿಲ್ಲ. ಮೇಲಿನ ತುದಿಯ ಮಾತೇ ಬೇರೆ. ‘ಸ’ ಎಂದು ನುಡಿಯುವಾಗ ಹೊರಡುವ ಸೀತ್ಕಾರ 4,000 ಹರ್ಟ್ಜ್‌ಗಿಂತ ಮೇಲೆಯೇ ಹೆಚ್ಚು; ‘ಶ’, ‘ಷ’ಗಳದು ಅದಕ್ಕಿಂತ ತುಸು ಕೆಳಗೆ. ‘ಚುಯ್ಯೆನ್ನುತ್ತದೆ’ ಎಂದು ಆ ಭಾಗವನ್ನು ಕತ್ತರಿಸಿದರೆ ಮೂರೂ ಒಂದೇ ಆಗಿ ಕೇಳುತ್ತವೆ. ಕನ್ನಡ, ತಮಿಳುಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಈ ಅಕ್ಷರಭೇದ ಮೊದಲೇ ಕಷ್ಟ.

ಹೀಗೆ ಒಂದೊಂದು ಭಾಗವನ್ನು ಬೇರೆಬೇರೆಯಾಗಿ ಏರಿಸುವ, ತಗ್ಗಿಸುವ ಸಾಧನವೇ ಈಕ್ವಲೈಜರ್. ಹಳೆಯ ಟೇಪ್ ರೆಕಾರ್ಡರಿನ ಬಾಸ್, ಟ್ರೆಬಲ್ ಗುಂಡಿಗಳನ್ನು ತಂದೆತಾಯಿಯರು ಬಲ್ಲರು. ಇದು ಅದರ ದೊಡ್ಡಣ್ಣ. ಈಗ ಅದು ಕಂಪ್ಯೂಟರಿನ ಒಳಗೆ, ಪರದೆಯ ಮೇಲಿನ ಒಂದು ಗೆರೆಯಾಗಿದೆ. ಮೌಸ್ ಹಿಡಿದು ಅದನ್ನು ಎಳೆಯುವಾಗ ಒಂದು ತೊಡಕುಂಟು: ಕಣ್ಣು ಗೆರೆಯ ಅಂದ ನೋಡುತ್ತದೆ, ಕಿವಿ ಹಿಂದುಳಿಯುತ್ತದೆ. ಆಗ ನಿಜವಾದ ಗುಂಡಿಗಳಿರುವ ಮಿಡಿ ಕಂಟ್ರೋಲರ್ ನೆರವಾಗುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಈ ಪೆಟ್ಟಿಗೆಯಿಂದ ಶಬ್ದ ಬರುವುದಿಲ್ಲ, ಇದರೊಳಗೆ ಶಬ್ದ ಹೋಗುವುದೂ ಇಲ್ಲ. ಗುಂಡಿ ತಿರುಗಿಸಿದರೆ ಅದು ಕಂಪ್ಯೂಟರಿಗೆ ಕಳಿಸುವುದು ಬರಿಯ ಅಂಕಿ: ‘ಇಂಥ ಸಂಖ್ಯೆಯ ಗುಂಡಿ ಈಗ ಇಷ್ಟರಲ್ಲಿದೆ’ ಎಂದು. ಸಾಮಾನ್ಯವಾಗಿ ಆ ಅಂಕಿ 0ರಿಂದ 127ರವರೆಗೆ, ಒಟ್ಟು 128 ಮೆಟ್ಟಿಲು. ಆ ಅಂಕಿಗೆ ಅರ್ಥ ಕೊಡುವವರು ನಾವು.

ರೀಪರ್ ಎಂಬ ತಂತ್ರಾಂಶವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಂಟ್ರೋಲರನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಆಮೇಲೆ ತಂತ್ರಾಂಶ ತೆರೆಯಿರಿ. ಪ್ರಿಫರೆನ್ಸಸ್‌ನಲ್ಲಿ ಮಿಡಿ ಸಾಧನಗಳ ಪಟ್ಟಿಯಿದೆ. ಅಲ್ಲಿ ನಿಮ್ಮ ಕಂಟ್ರೋಲರಿನ ಹೆಸರು ಹುಡುಕಿ, ಇನ್‌ಪುಟ್‌ಗೂ ನಿಯಂತ್ರಣ ಸಂದೇಶಗಳಿಗೂ ಅನುಮತಿ ಕೊಡಿ. ಎರಡನೆಯ ಅನುಮತಿ ಮರೆತರೆ ಗುಂಡಿ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ನಂತರ ಹಾಡಿರುವ ಟ್ರ್ಯಾಕಿಗೆ ರೀಇಕ್ಯೂ ಎಂಬ ಈಕ್ವಲೈಜರನ್ನು ಸೇರಿಸಿ. ಬೇಕಾದ ಪಟ್ಟಿಯ ಗೇನ್ ಅನ್ನು ಮೌಸಿನಿಂದ ಒಮ್ಮೆ ಅಲುಗಿಸಿ, ಆ ಕಿಟಕಿಯ ಮೇಲ್ಭಾಗದ ಪ್ಯಾರಮ್ ಗುಂಡಿಯಲ್ಲಿ ಲರ್ನ್ ಎಂಬುದನ್ನು ಆರಿಸಿ, ಕಂಟ್ರೋಲರಿನ ಒಂದು ಗುಂಡಿಯನ್ನು ತಿರುಗಿಸಿ. ಅದರ ಸಂಖ್ಯೆ ಪರದೆಯಲ್ಲಿ ಮೂಡುತ್ತದೆ. ಒಪ್ಪಿಗೆ ಕೊಟ್ಟರೆ ಇವರಿಬ್ಬರ ನಂಟು ಕೂಡಿತು. ಉಳಿದ ಪಟ್ಟಿಗಳಿಗೂ ಹೀಗೆಯೇ.

ಲರ್ನ್ ಕಿಟಕಿಯಲ್ಲಿರುವ ಸಾಫ್ಟ್ ಟೇಕೋವರ್ ಎಂಬ ಚೌಕವನ್ನು ಗುರುತು ಮಾಡಿಕೊಳ್ಳುವುದು ಒಳ್ಳೆಯದು. ಪರದೆಯ ಗೇನ್ ನಡುವಿನಲ್ಲಿದ್ದು ಕೈಯ ಗುಂಡಿ ಕೊನೆಯಲ್ಲಿದ್ದರೆ, ಮುಟ್ಟಿದ ಕೂಡಲೆ ಧ್ವನಿ ಧಡಕ್ಕನೆ ಹಾರುತ್ತದೆ. ಈ ಗುರುತಿದ್ದರೆ ಗುಂಡಿಯು ಪರದೆಯ ಸ್ಥಾನಕ್ಕೆ ಬಂದು ಮುಟ್ಟುವ ತನಕ ಏನೂ ಬದಲಾಗದು.

ಇನ್ನು ಕಣ್ಣು ಮುಚ್ಚಿ ಕೇಳುವ ಕೆಲಸ. ಎಡಗೈ ಕೆಳಗಿನ ಪಟ್ಟಿಯ ಗುಂಡಿಯ ಮೇಲೆ, ಬಲಗೈ ಮೇಲಿನದರ ಮೇಲೆ. ಗುಂಯ್ ಸದ್ದು ಇಳಿಯುವ ತನಕ ಎಡದ್ದನ್ನು ತಗ್ಗಿಸಿ. ಧ್ವನಿ ಸೊರಗಿತೆನಿಸಿದರೆ ತುಸು ಹಿಂದಕ್ಕೆ ಬನ್ನಿ. ಮೇಲಿನದನ್ನು ತಗ್ಗಿಸುವಾಗ ‘ಸೊಸೆ’, ‘ಶಂಖ’ದಂಥ ಪದ ಬರುವ ಸಾಲನ್ನೇ ಮತ್ತೆ ಮತ್ತೆ ಹಾಕಿ ಕೇಳಿ. ಏರಿಸುವುದಕ್ಕಿಂತ ತಗ್ಗಿಸುವುದು ಲೇಸು ಎಂಬುದು ನಮ್ಮ ಅಭಿಪ್ರಾಯ. ಮೈಕು ಹಿಡಿಯದೆ ಬಿಟ್ಟದ್ದನ್ನು ಯಾವ ಗುಂಡಿಯೂ ತಂದುಕೊಡದು. ಸ್ವಲ್ಪ ಫ್ಯಾನಿನ ಸದ್ದು ಉಳಿದರೆ ಉಳಿಯಲಿ.

ತಿದ್ದಿದ ಹಾಡನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೊದಲ ಧ್ವನಿಮುದ್ರಣವನ್ನು ಮುಟ್ಟದೆ ಇಡಿ. ಎರಡರ ಹೆಸರಿನಲ್ಲೂ ಹಾಡಿದವರು, ಊರು, ವರ್ಷ ಬರೆದಿರಲಿ.