ಕಣ್ಣು ಕೊಟ್ಟವರ ಹೆಸರು ಬರೆಯಿರಿ

ಮಕ್ಕಳೇ, ಡಿಗ್ರಿ ಮುಗಿಸಿ ಎಂ.ಎಸ್ಸಿ. ಲ್ಯಾಬಿಗೆ ಕಾಲಿಡುತ್ತಿದ್ದೀರಿ. ಆಸಿಡ್ಡು, ಗಾಜು, ಗ್ಯಾಸಿನ ವಿಷಯದಲ್ಲಿ ಎಚ್ಚರ ಹೇಳುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ರಸಾಯನಶಾಸ್ತ್ರ ಪಾಠ ಮಾಡುತ್ತಲೇ ತಲೆ ನರೆತವನು ನಾನು. ನನ್ನ ಕಡೆಯಿಂದ ಬೇರೆಯೇ ಒಂದು ಮಾತು. ಕಾಣದ್ದನ್ನು ಕಂಡಂತೆ ಬರೆಯಬೇಡಿ. ಕಾಣುವವರನ್ನು ಕೇಳಿ. ಕೇಳಿ ತಿಳಿದದ್ದನ್ನು ನಿಮ್ಮದೇ ಎಂದು ಹೇಳಿಕೊಳ್ಳಬೇಡಿ. ಬರೀ ಉಪದೇಶ ಯಾರಿಗೆ ಬೇಕು? ಇಂಡಿಯಂ ಎಂಬ ಅಪರೂಪದ ಲೋಹದ ಕಥೆ ಕೇಳಿ, ಆಮೇಲೆ ನೀವೇ ತೀರ್ಮಾನಿಸಿ.

1863. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಫ್ರೈಬರ್ಗ್ ಬೆಳ್ಳಿ ಗಣಿಗಳಿಗೆ ಹೆಸರಾದ ಊರು, ಅಲ್ಲೊಂದು ಗಣಿ ವಿದ್ಯಾಲಯ. ಅಲ್ಲಿದ್ದ ಫರ್ಡಿನಾಂಡ್ ರೈಖ್ ಅವರಿಗೆ ಆಗ 64 ವರ್ಷ. ಎರಡು ವರ್ಷದ ಹಿಂದಷ್ಟೇ ಲಂಡನ್ನಿನ ವಿಲಿಯಂ ಕ್ರೂಕ್ಸ್ ಥ್ಯಾಲಿಯಂ ಎಂಬ ಹೊಸ ಧಾತುವನ್ನು ಗುರುತಿಸಿದ್ದರು. ನಮ್ಮ ಊರಿನ ಸತುವಿನ ಅದಿರಿನಲ್ಲೂ ಅದು ಇದ್ದೀತೇ ಎಂದು ನೋಡಹೊರಟರು ರೈಖ್. ಅದಿರನ್ನು ಹುರಿದು ಗಂಧಕ, ಆರ್ಸೆನಿಕ್‌ಗಳನ್ನು ಬಹುಮಟ್ಟಿಗೆ ಕಳೆದು, ಉಳಿದದ್ದನ್ನು ಆಸಿಡ್ಡಿನಲ್ಲಿ ಕರಗಿಸಿದರು. ಮುಂದಿನ ಪರೀಕ್ಷೆಗಳಲ್ಲಿ ಒಣಹುಲ್ಲಿನ ಬಣ್ಣದ ಹಳದಿ ಪುಡಿಯೊಂದು ತಳಕ್ಕೆ ಕೂತಿತು. ಇದು ಯಾವುದೋ ಹೊಸ ಲೋಹದ ಸಲ್ಫೈಡ್ ಇರಬೇಕು ಎಂದು ಅವರಿಗೆ ಅನ್ನಿಸಿತು.

ಖಚಿತ ಮಾಡಿಕೊಳ್ಳುವ ದಾರಿ ಆಗ ಒಂದೇ. ಪುಡಿಯನ್ನು ಜ್ವಾಲೆಗೆ ಹಿಡಿದು, ಬರುವ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಬೇಕು. ಒಂದೊಂದು ಧಾತುವೂ ತನ್ನದೇ ಬಣ್ಣದ ಗೆರೆ ತೋರಿಸುತ್ತದೆ, ಥ್ಯಾಲಿಯಂನದು ಹಸಿರು. ಆದರೆ ರೈಖ್ ಅವರಿಗೆ ಬಣ್ಣಗುರುಡು! ಜೀವಮಾನವೆಲ್ಲ ಪ್ರಯೋಗಶಾಲೆಯಲ್ಲಿ ಕಳೆದ ಹಿರಿಯರಿಗೆ ಇದನ್ನು ಒಪ್ಪಿಕೊಳ್ಳಲು ಮುಜುಗರ ಆಗಬಹುದಿತ್ತು. ಅವರು ತಮಗಿಂತ 25 ವರ್ಷ ಚಿಕ್ಕವನಾದ ಸಹೋದ್ಯೋಗಿ ಥಿಯೋಡರ್ ರಿಕ್ಟರನನ್ನು ಕರೆದು, ನೋಡಿ ಹೇಳಲು ಕೇಳಿಕೊಂಡರು. ಹಸಿರು ಗೆರೆಯ ಸುಳಿವೇ ಇರಲಿಲ್ಲ. ಅದುವರೆಗೆ ಯಾರೂ ಕಂಡಿರದ ಕಡುನೀಲಿ ಗೆರೆಯೊಂದು ರಿಕ್ಟರನ ಕಣ್ಣಿಗೆ ಬಿತ್ತು. ಆ ಇಂಡಿಗೋ ನೀಲಿಯಿಂದಲೇ ಲೋಹಕ್ಕೆ ಇಂಡಿಯಂ ಎಂದು ಹೆಸರಾಯಿತು. ಪ್ರಬಂಧ ಇಬ್ಬರ ಹೆಸರಿನಲ್ಲೂ ಅಚ್ಚಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದೆ ರಿಕ್ಟರ್, ಕಂಡುಹಿಡಿದವನು ತಾನೊಬ್ಬನೇ ಎಂದು ಹೇಳಿಕೊಳ್ಳತೊಡಗಿದ. ಇಬ್ಬರ ನಡುವೆ ಮನಸ್ತಾಪ ಬೆಳೆಯಿತು. ಗೆರೆ ನೋಡಿದವನು ಅವನೇ, ನಿಜ. ಆದರೆ ಆ ಪುಡಿಯನ್ನು ಬೇರ್ಪಡಿಸಿ, ಇದರಲ್ಲಿ ಏನೋ ಇದೆ ಎಂದು ಗುಮಾನಿಪಟ್ಟವರು ಯಾರು? ಪುಡಿಯಿಲ್ಲದೆ ಕಣ್ಣಿಗೆ ಕೆಲಸವಿಲ್ಲ, ಕಣ್ಣಿಲ್ಲದೆ ಪುಡಿಗೆ ಹೆಸರಿಲ್ಲ. ಇವತ್ತಿನ ಪಠ್ಯಪುಸ್ತಕಗಳಲ್ಲಿ ಇಬ್ಬರ ಹೆಸರೂ ಒಟ್ಟಿಗೇ ಇದೆ. ಆ ಜಗಳದಿಂದ ರಿಕ್ಟರನಿಗೆ ದಕ್ಕಿದ್ದು ಏನೂ ಇಲ್ಲ.

ಮೂರನೆಯ ಕಣ್ಣೊಂದು ಬಾಕಿ ಇತ್ತು. ಇಂಡಿಯಂನ ಸಮಾನ ತೂಕ ಸುಮಾರು 38 ಎಂದು ಅಳೆದಿದ್ದರು. ಸತುವಿನ ಜೊತೆ ಸಿಗುವ ಲೋಹವಾದ್ದರಿಂದ ಅದರ ವೇಲೆನ್ಸಿಯೂ ಸತುವಿನಂತೆ ಎರಡು ಎಂದುಕೊಂಡರು. ಎರಡರಿಂದ ಗುಣಿಸಿದರೆ ಪರಮಾಣು ತೂಕ 76. ರಷ್ಯಾದ ಮೆಂಡಲೀವ್ ತನ್ನ ಆವರ್ತ ಕೋಷ್ಟಕ ಹಿಡಿದು ನೋಡಿದರೆ ಆ ಜಾಗದಲ್ಲಿ 75ರ ಆರ್ಸೆನಿಕ್, 79ರ ಸೆಲೆನಿಯಂ ಒತ್ತೊತ್ತಾಗಿ ಕೂತಿವೆ. ನಡುವೆ ಖಾಲಿ ಮನೆಯಿಲ್ಲ. ಮೂರರಿಂದ ಗುಣಿಸಿದರೆ ಸುಮಾರು 114. ಅಲ್ಲಿ 112ರ ಕ್ಯಾಡ್ಮಿಯಂಗೂ 118ರ ತವರಕ್ಕೂ ನಡುವೆ ಸರಿಯಾಗಿ ಒಂದು ಮನೆ ಖಾಲಿ! ವೇಲೆನ್ಸಿ ಮೂರೇ ಇರಬೇಕು ಎಂದ ಮೆಂಡಲೀವ್. ಲೋಹದ ವಿಶಿಷ್ಟೋಷ್ಣ ಅಳೆದ ಬುನ್ಸೆನ್ ಅವರ ಪ್ರಯೋಗವೂ ಅದನ್ನೇ ಹೇಳಿತು. ಗಮನಿಸಿ, ತಕ್ಕಡಿ ತಪ್ಪು ತೋರಿಸಿರಲಿಲ್ಲ. ತಪ್ಪಿದ್ದದ್ದು ಯಾರೂ ಪ್ರಶ್ನಿಸದೆ ಬಿಟ್ಟ ಊಹೆಯಲ್ಲಿ.

ಇಂಡಿಯಂ ಬೆಳ್ಳಿಯಂತೆ ಹೊಳೆಯುತ್ತದೆ, ಚಾಕುವಿನಲ್ಲಿ ಕೊಯ್ಯುವಷ್ಟು ಮೆತ್ತಗಿದೆ. ಕಡ್ಡಿಯನ್ನು ಬಗ್ಗಿಸಿದರೆ ತವರದ ಹಾಗೆ ಚರಚರ ಸದ್ದು ಮಾಡುತ್ತದೆ. 156.6 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕರಗಿದರೆ ಗಾಜಿಗೂ ಅಂಟಿಕೊಳ್ಳುತ್ತದೆ. ಅದಿರಿನಲ್ಲಿ ಇದರ ಪ್ರಮಾಣ ತೀರಾ ಕಡಿಮೆ. ಹಾಗಾಗಿ ಇದಕ್ಕೆಂದೇ ಗಣಿ ತೋಡುವುದಿಲ್ಲ; ಸತು ಶುದ್ಧಿಮಾಡುವಾಗ ಉಳಿಯುವ ಕಸದಿಂದ ಹೆಕ್ಕುತ್ತಾರೆ. ದಶಕಗಳ ಕಾಲ ಹೇಳಿಕೊಳ್ಳುವಂಥ ಉಪಯೋಗವೇ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಎಂಜಿನ್ನಿನ ಬೇರಿಂಗುಗಳಿಗೆ ಲೇಪಿಸಿದ್ದೇ ಮೊದಲ ದೊಡ್ಡ ಬಳಕೆ. ಈಗ? ನಿಮ್ಮ ಮೊಬೈಲಿನ ಗಾಜಿನ ಮೇಲೆ ಇಂಡಿಯಂ ಮತ್ತು ತವರದ ಆಕ್ಸೈಡುಗಳ ತೆಳು ಲೇಪವಿದೆ. ಅದು ಬೆಳಕನ್ನು ತಡೆಯುವುದಿಲ್ಲ, ವಿದ್ಯುತ್ತನ್ನು ಹರಿಯಬಿಡುತ್ತದೆ. ಎರಡೂ ಗುಣ ಒಟ್ಟಿಗೆ ಸಿಗುವುದು ಅಪರೂಪ. ನೀವು ಬೆರಳಾಡಿಸುವ ಪರದೆ ನಡೆಯುವುದು ಇದರಿಂದಲೇ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪಕ್ಕದ ಟೇಬಲ್ಲಿನ ರೀಡಿಂಗ್ ಕದ್ದು ಬರೆಯುವವರನ್ನು ಬಹಳ ನೋಡಿದ್ದೇನೆ. ಟೈಟ್ರೇಶನ್ನಿನಲ್ಲಿ ಬಣ್ಣ ತಿರುಗಿದ್ದು ಗೊತ್ತಾಗಲಿಲ್ಲ ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಹಾಗೆ ಹೇಳಿದರೆ ಮಾರ್ಕ್ಸ್ ಹೋದೀತೆಂಬ ಹೆದರಿಕೆ. ಅಲ್ಲಪ್ಪಾ, ಹೊಸ ಧಾತುವಿನ ಹೊಸ್ತಿಲಲ್ಲಿ ನಿಂತ ರೈಖ್ ಅವರೇ ಹೆದರಲಿಲ್ಲ, ನಿಮಗೇಕೆ ಹೆದರಿಕೆ?

ನಾಳೆ ನೀವೂ ಸಂಶೋಧನೆ ಮಾಡುತ್ತೀರಿ, ಪ್ರಬಂಧ ಬರೆಯುತ್ತೀರಿ. ಉಪಕರಣ ನಡೆಸಿಕೊಟ್ಟ ತಂತ್ರಜ್ಞ, ಲೆಕ್ಕ ತಿದ್ದಿದ ಜೂನಿಯರ್, ನಿಮ್ಮ ಊಹೆಯನ್ನು ಪ್ರಶ್ನಿಸಿದ ಗೆಳತಿ, ಯಾರ ಹೆಸರನ್ನೂ ಬಿಡಬೇಡಿ. ಹೆಸರು ಹಂಚಿಕೊಂಡರೆ ನಿಮ್ಮ ಪಾಲು ಕಡಿಮೆಯಾಗುವುದಿಲ್ಲ. ಮೊದಲ ದಿನವೇ ರೆಕಾರ್ಡ್ ಪುಸ್ತಕದಲ್ಲಿ, ಯಾರು ಏನು ನೋಡಿದರು ಎಂದು ತಾರೀಖು ಸಹಿತ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ.