ದೋಣಿ ಸಫಾರಿಯಲ್ಲಿ ಸಹಪ್ರಯಾಣಿಕರ ಕಾಟ: ಯಾರನ್ನು ಕೇಳಬೇಕು, ಎಲ್ಲಿ ದೂರಬೇಕು

ಸುಗ್ಗಿ ಮುಗಿದು ಶಾಲೆಗಳಿಗೆ ರಜೆ ಬಿದ್ದರೆ ನಮ್ಮ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದ ಟಿಟಿ ಗಾಡಿಗಳು ಸಾಲಾಗಿ ಹೊರಡುತ್ತವೆ. ಧರ್ಮಸ್ಥಳ, ಮುರುಡೇಶ್ವರಗಳ ಜೊತೆಗೆ ಈಗ ಕಬಿನಿ ಹಿನ್ನೀರಿನ ದೋಣಿ ಸಫಾರಿ, ರಂಗನತಿಟ್ಟಿನ ಹಕ್ಕಿಗಳು, ಕಾರವಾರದ ಡಾಲ್ಫಿನ್, ದಾಂಡೇಲಿಯ ಕಾಡು ಕೂಡ ಸೇರಿಕೊಂಡಿವೆ. ದೇವಸ್ಥಾನದ ಪ್ರವಾಸದಲ್ಲಿ ಜೊತೆಯವರೊಂದಿಗೆ ಹೊಂದಿಕೆಯಾಗದಿದ್ದರೆ ಬೇರೆ ಮೂಲೆಯಲ್ಲಿ ಕುಳಿತುಕೊಳ್ಳಬಹುದು. ಪ್ರಾಣಿ ನೋಡುವ ದೋಣಿಯಲ್ಲಿ ಆ ಅನುಕೂಲವಿಲ್ಲ. ಒಬ್ಬ ಕಿರುಚಿದರೆ ದಡದ ಆನೆ ಕಾಡು ಸೇರುತ್ತದೆ, ಎಲ್ಲರ ದುಡ್ಡೂ ಹಾಳಾಗುತ್ತದೆ. ಒಬ್ಬ ಸೆಲ್ಫಿಗೆಂದು ಎದ್ದು ನಿಂತರೆ ಎಲ್ಲರ ಜೀವಕ್ಕೂ ಕುತ್ತು.

ಇಂಥ ಹೊತ್ತಿನಲ್ಲಿ ನಮ್ಮ ಜನ ಮಾಡುವುದು ಎರಡರಲ್ಲೊಂದು: ಆ ಮನುಷ್ಯನ ಮೇಲೆ ನೇರವಾಗಿ ಜಗಳಕ್ಕೆ ಹೋಗುವುದು, ಇಲ್ಲವೇ ಊರಿನವರೆಂಬ ದಾಕ್ಷಿಣ್ಯಕ್ಕೆ ಹಲ್ಲು ಕಚ್ಚಿಕೊಂಡು ಕೂರುವುದು. ಎರಡೂ ಬೇಡ. ಕಾನೂನು ನಿಮಗೆ ಕೊಟ್ಟಿರುವ ಹಕ್ಕು ಬಹುಮಟ್ಟಿಗೆ ಕಾಟ ಕೊಡುವವನ ಮೇಲಲ್ಲ, ನಿಮ್ಮಿಂದ ಹಣ ಪಡೆದು ಕರೆತಂದವರ ಮೇಲೆ ಮತ್ತು ಆ ಹೊತ್ತಿಗೆ ದೋಣಿ, ಗಾಡಿಯ ಹೊಣೆ ಹೊತ್ತವರ ಮೇಲೆ ಇದೆ. ಮೊದಲ ಮಾತು ದೋಣಿ ನಡೆಸುವವರಿಗೆ, ಗೈಡ್‌ಗೆ, ಅರಣ್ಯ ಇಲಾಖೆಯ ವಾಚರ್‌ಗೆ ಹೋಗಬೇಕು. ಅದೂ ದೋಣಿ ದಡ ಬಿಡುವ ಮೊದಲೇ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರಾಣಿ ನೋಡಲು ಹೋದ ಜಲಕನ್ಯಕ ದೋಣಿ ಮಗುಚಿ 45 ಜನ ಸತ್ತರು. ದಡದಲ್ಲಿ ಪ್ರಾಣಿ ಕಂಡೊಡನೆ ಪ್ರಯಾಣಿಕರು ಒಂದೇ ಬದಿಗೆ ನುಗ್ಗಿದರು ಎಂದು ಆಗ ವರದಿಯಾಯಿತು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಸಮುದ್ರದಲ್ಲಿ ಮುಳುಗಿ 16 ಜನ ಹೋದರು. ಅವರಲ್ಲಿ ನಮ್ಮ ಶಿಗ್ಗಾಂವಿ ತಾಲ್ಲೂಕಿನ ಒಂದೇ ಕುಟುಂಬದ ಹಲವರಿದ್ದರು. ಮಿತಿಮೀರಿ ಜನ ಹತ್ತಿದ್ದ ಮಾತು, ಲೈಫ್ ಜಾಕೆಟ್ ಇಲ್ಲದ ಮಾತು ಆಗ ಎಲ್ಲರ ಬಾಯಲ್ಲಿತ್ತು. ಹಾಗಾಗಿ ತುಂಬಿದ ದೋಣಿ ಹತ್ತುವುದಿಲ್ಲ ಎನ್ನುವವರನ್ನು, ಜಾಕೆಟ್ ತೊಡದವನ ಜೊತೆ ಕೂರುವುದಿಲ್ಲ ಎನ್ನುವವರನ್ನು ಯಾರೂ ಹೆದರುಪುಕ್ಕಲರೆಂದು ಹಂಗಿಸಬಾರದು. ಸುರಕ್ಷಿತವಲ್ಲದ ಅಥವಾ ಮಿತಿಮೀರಿ ತುಂಬಿದ ದೋಣಿಯಲ್ಲಿ ಬಾಡಿಗೆಗೆ ಜನರನ್ನು ಸಾಗಿಸುವುದು ಭಾರತೀಯ ನ್ಯಾಯ ಸಂಹಿತೆಯ 284ನೇ ಕಲಂ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ವರ್ತಿಸುವ ಪ್ರಯಾಣಿಕನಿಗೆ 125ನೇ ಕಲಂ ಅನ್ವಯಿಸುತ್ತದೆ.

ಇನ್ನು ಕಾಡಿನ ಕಾನೂನು. ಅಭಯಾರಣ್ಯದೊಳಗೆ ಪ್ರಾಣಿಗಳನ್ನು ಕೆಣಕುವುದು, ಹಿಂಸಿಸುವುದು, ಕಸ ಎಸೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನಲ್ಲಿ ನಿಷಿದ್ಧ. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ನಿಯಮ. ಕಬಿನಿ ಹಿನ್ನೀರಿನ ದಡದ ನಾಗರಹೊಳೆಗಷ್ಟೇ ಇದು ಸಂಬಂಧಿಸಿದ್ದಲ್ಲ. ಶಿಗ್ಗಾಂವಿ, ಹಾನಗಲ್‌ನಿಂದ ಹತ್ತಿರದ ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮಕ್ಕೂ, ನಮ್ಮದೇ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯಕ್ಕೂ ಸಂಬಂಧಿಸಿದ್ದು. ಹಕ್ಕಿಯ ಗೂಡು, ಮೊಟ್ಟೆಗೆ ಕೈಹಾಕುವುದನ್ನು ಈ ಕಾಯ್ದೆ ಬೇಟೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಆನೆಯ ಜೊತೆ ಸೆಲ್ಫಿಗೆ ಹೋಗಿ ತುಳಿತಕ್ಕೆ ಸಿಕ್ಕು ಬದುಕಿದವರಿಗೆ ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತ್ತು. ಜೊತೆಯವರು ಪ್ರಾಣಿಗೆ ಕಲ್ಲು ಎಸೆದರೆ, ಬಿಸ್ಕತ್ತು ತೂರಿದರೆ ವಾಚರ್‌ಗೆ ತಿಳಿಸಿ, ಅಥವಾ ಸಿಗ್ನಲ್ ಸಿಕ್ಕಲ್ಲಿ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ. ಆದರೆ ಅವರ ಚೀಲ ತಪಾಸಣೆ ಮಾಡುವ, ಮೊಬೈಲ್ ಕಸಿದುಕೊಳ್ಳುವ ಅಧಿಕಾರ ನಿಮಗಿಲ್ಲ. ತಪಾಸಣೆ, ಜಪ್ತಿ, ಬಂಧನವೆಲ್ಲ ಅರಣ್ಯ ಮತ್ತು ಪೊಲೀಸ್ ಅಧಿಕಾರಿಗಳ ಕೆಲಸ.

ಹೆಣ್ಣುಮಕ್ಕಳ ಮೇಲಿನ ಕಿರುಕುಳವನ್ನು ಮಾತ್ರ 'ಟೂರ್‌ನಲ್ಲಿ ಇದೆಲ್ಲ ಇದ್ದದ್ದೇ' ಎಂದು ಯಾರೂ ತಳ್ಳಿಹಾಕಬಾರದು. ದೋಣಿಯ ಇಕ್ಕಟ್ಟಿನ ನೆಪದಲ್ಲಿ ಮೈಮುಟ್ಟುವುದು, ಅಶ್ಲೀಲ ಮಾತು, ಸನ್ನೆ, ಬಟ್ಟೆ ಬದಲಿಸುವಾಗ ಇಣುಕುವುದು ಅಥವಾ ಚಿತ್ರ ತೆಗೆಯುವುದು ನ್ಯಾಯ ಸಂಹಿತೆಯ 74ರಿಂದ 79ರವರೆಗಿನ ಕಲಂಗಳಲ್ಲಿ ಬರುತ್ತವೆ. ತಕ್ಷಣದ ನೆರವಿಗೆ 112. ಘಟನೆ ಕಬಿನಿ ಇರುವ ಎಚ್.ಡಿ. ಕೋಟೆಯಲ್ಲಿ ನಡೆದಿದ್ದರೂ, ಕಾರವಾರದಲ್ಲಿ ನಡೆದಿದ್ದರೂ ಊರಿಗೆ ಮರಳಿ ಹಾನಗಲ್ ಅಥವಾ ಸವಣೂರು ಠಾಣೆಯಲ್ಲೇ ದೂರು ಕೊಡಬಹುದು. ನಮ್ಮ ಹದ್ದಿನಲ್ಲಿ ಬರುವುದಿಲ್ಲ ಎಂದು ಠಾಣೆಯವರು ವಾಪಸು ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಶೂನ್ಯ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕು. ಮಹಿಳೆ ನೀಡುವ ಇಂಥ ದೂರನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆಯಿರಿ, ಅದಕ್ಕೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ಊಟದ ಪಂಕ್ತಿಯಲ್ಲೋ ಗಾಡಿಯಲ್ಲೋ ನಾಲ್ಕು ಜನರೆದುರು ದಲಿತರನ್ನು ಜಾತಿ ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅಲ್ಲಿ ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ.

ಸಣ್ಣ ಹೊಡೆದಾಟ, ಬೈಗುಳಗಳ ದಾರಿ ಬೇರೆ. ಇವುಗಳಲ್ಲಿ ಹೆಚ್ಚಿನವು ಪೊಲೀಸರು ತಾವಾಗಿ ತನಿಖೆ ಆರಂಭಿಸಲಾಗದ ಪ್ರಕರಣಗಳು. ಮಾಹಿತಿ ಬರೆದುಕೊಂಡು ಮ್ಯಾಜಿಸ್ಟ್ರೇಟರ ಕಡೆಗೆ ಕಳಿಸುತ್ತಾರೆ.

ಕಿಟಕಿ ಸೀಟು ಬಿಡದವನು, ಪ್ರತಿ ನಿಲ್ದಾಣದಲ್ಲೂ ಅರ್ಧ ಗಂಟೆ ತಡಮಾಡುವವನು, ರಾತ್ರಿಯಿಡೀ ಹರಟುವವನು ಯಾವ ಕಲಮಿಗೂ ಸಿಗುವುದಿಲ್ಲ, ಸಿಗಲೂಬಾರದು. ಅದಕ್ಕೆ ಮದ್ದು ಮುಂಗಡ ಕೊಡುವಾಗಿನ ಮಾತುಕತೆ. ಸೀಟು ದಿನಕ್ಕೊಮ್ಮೆ ಬದಲಾಗುತ್ತದೆಯೇ, ತಡವಾದವರಿಗೆ ಎಷ್ಟು ಹೊತ್ತು ಕಾಯುತ್ತೀರಿ, ಗಾಡಿಯಲ್ಲಿ ಕುಡಿತಕ್ಕೆ ಅವಕಾಶವಿದೆಯೇ, ದೋಣಿಯಲ್ಲಿ ಎಷ್ಟು ಜನ, ಒಬ್ಬನ ತಪ್ಪಿನಿಂದ ಸಫಾರಿ ತಪ್ಪಿದರೆ ಹಣ ವಾಪಸು ಬರುತ್ತದೆಯೇ? ಟ್ರಾವೆಲ್ಸ್‌ನವರಿಂದ ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ರಸೀದಿ ಕೇಳಲು ನಾಚಬೇಡಿ.

ಹಣ ಪಡೆದವರು ಕಾಟವನ್ನು ಕಂಡೂ ಸುಮ್ಮನಿದ್ದರೆ, ನೀವು ಹೇಳಿದರೂ ಕ್ರಮ ಕೈಗೊಳ್ಳದಿದ್ದರೆ, ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎಂದು ವಾದಿಸಲು ಗಟ್ಟಿ ಆಧಾರ. ನೀವು ಹೇಳಿದ್ದಕ್ಕೆ ಪುರಾವೆ ಬೇಕು. ಅಲ್ಲೇ, ಆ ಹೊತ್ತಿಗೇ ಒಂದು ಸಂದೇಶ ಕಳಿಸಿ, ಜೊತೆಗಿದ್ದ ಇಬ್ಬರ ಹೆಸರು ಬರೆದಿಟ್ಟುಕೊಳ್ಳಿ, ಮೊಬೈಲ್‌ನಲ್ಲಿನ ಮೂಲ ವಿಡಿಯೊ ಅಳಿಸಬೇಡಿ. ಗೆಳೆಯರೆಲ್ಲ ಪಟ್ಟಿ ಹಾಕಿ, ಲಾಭವಿಲ್ಲದೆ ಒಬ್ಬರು ಲೆಕ್ಕ ನೋಡಿಕೊಂಡ ಪ್ರವಾಸವಾದರೆ ಆ ಗೆಳೆಯನ ಮೇಲೆ ಗ್ರಾಹಕ ದೂರು ನಿಲ್ಲುವುದು ಕಷ್ಟ. ಬಾಡಿಗೆ ಪಡೆದ ಗಾಡಿ, ದೋಣಿಯವರ ಹೊಣೆ ಆಗಲೂ ಇರುತ್ತದೆ.

ಕಾಟ ಕೊಟ್ಟವನಿಗೂ ಹಕ್ಕುಗಳಿವೆ. ಸಿಟ್ಟಿನಲ್ಲಿ ಅವನನ್ನು ರಾತ್ರಿ ಕಾಡಿನ ರಸ್ತೆಯಲ್ಲಿ ಇಳಿಸಿ ಬಂದು ಏನಾದರೂ ಹೆಚ್ಚುಕಡಿಮೆಯಾದರೆ ಕೇಸು ನಿಮ್ಮ ಮೇಲೆ ತಿರುಗುತ್ತದೆ. ಇಳಿಸಲೇಬೇಕಾದರೆ ಊರಿನ ಬಸ್ ನಿಲ್ದಾಣದಲ್ಲಿ, ಇಲ್ಲವೇ ಪೊಲೀಸ್ ಠಾಣೆಯ ಮುಂದೆ ಇಳಿಸಬೇಕು. ಆ ತೀರ್ಮಾನವೂ ಆಯೋಜಕರದ್ದು.

ಗ್ರಾಹಕ ದೂರಿಗೆ ಮೈಸೂರಿಗೋ ಕಾರವಾರಕ್ಕೋ ಓಡಾಡಬೇಕಿಲ್ಲ. ದೂರುದಾರರು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಬಹುದು, ಅಂದರೆ ನಾಲ್ಕೂ ತಾಲ್ಲೂಕಿನವರಿಗೆ ಹಾವೇರಿ. ಐದು ಲಕ್ಷ ರೂಪಾಯಿವರೆಗಿನ ಸೇವೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ಗಡುವು ಎರಡು ವರ್ಷ. ಒಂದೇ ಗಾಡಿಯಲ್ಲಿ ನೊಂದವರೆಲ್ಲ ಆಯೋಗದ ಅನುಮತಿ ಪಡೆದು ಒಂದೇ ದೂರು ಕೊಡಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಹಣ ವಾಪಸಾತಿಯಂಥ ತಕರಾರು ಮಾತುಕತೆಯಲ್ಲೇ ಮುಗಿಯುವ ಸಾಧ್ಯತೆಯಿದೆ. ಅರ್ಜಿ ಬರೆಯಲು ತೊಡಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವರಮಾನ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.